ಚಿಂತಾಕಿಯ ಹೊಲದಲ್ಲಿ ಎರಡನೇ ಕಣ್ಣು

ನೌಬಾದ, ಬೀದರ
14 ಜುಲೈ 2024

ಪ್ರೀತಿಯ ದಾನಮ್ಮ,

ಭಾಲ್ಕಿಯಿಂದ ನೀನು ಎಡಗೈಯಲ್ಲಿ ಬರೆದ ಮೊದಲ ಪತ್ರ ಬಂದು ನಲವತ್ತು ದಿನವಾಯಿತು. ತಡವಾಯಿತೆಂದು ಬೈದುಕೊಂಡಿರುತ್ತೀ, ಬೈ. ಕಾಲೇಜು ಶುರುವಾಯಿತು, ಹುಷಾರಿರಲಿಲ್ಲ ಎಂದು ನೆವ ಹೇಳಬಹುದಿತ್ತು, ಆದರೆ ನಿನ್ನ ಮುಂದೆ ನೆವ ನಡೆಯುವುದಿಲ್ಲ. ನಿನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಮಾತು ಮಾತ್ರ ಮೊದಲಿನಷ್ಟೇ ಖಾರ. ಎರಡು ಬೆರಳು ಹೋದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೀನು ಬರೆಯುತ್ತಿರುವುದು ಕಣ್ಣಿಗೆ ಬಂತು, ಅತ್ತುಬಿಟ್ಟೆ. ನಿಮ್ಮವ್ವನ ಮೊಣಕಾಲು ನೋವು ಹೇಗಿದೆ?

ಮತ್ತೆ ಎರಡನೇ ಕಣ್ಣಾಗುತ್ತೀಯಾ ಎಂಬ ನಿನ್ನ ಪ್ರಶ್ನೆ ಮರೆತಿಲ್ಲ. ಹಾವು, ಓತಿ ನೋಡುವ ಹುಚ್ಚಿನಲ್ಲಿ ಹೊಲ ಸುತ್ತುವಾಗ ನಾವೇ ಹಾಕಿಕೊಂಡ ಕಟ್ಟಳೆ ಅದು: ಕಂಡವರು ಹೆಸರು ಹೇಳಬೇಕು, ಇನ್ನೊಬ್ಬರು ಬಾಗಿ ನೋಡಿ ಅದೇ ಹೆಸರು ಹೇಳಬೇಕು, ಆಮೇಲೆಯೇ ಕೈ ಹಾಕುವುದು. ಆಗಸ್ಟ್‌ನಲ್ಲಿ ಮತ್ತೆ ಬರುತ್ತೇನೆ, ಆದರೆ ನೀನೇ ನನ್ನ ಎರಡನೇ ಕಣ್ಣಾಗಬೇಕು ಎಂದಿದ್ದೀ.

ಕಳೆದ ರವಿವಾರ ನಾನು, ಬ್ಯಾಂಕಿನ ನಂದಕುಮಾರ, ಜೀಪಿನ ಉಸ್ಮಾನ ಮಿಯಾ ಔರಾದ ಕಡೆ ಹೋಗಿದ್ದೆವು. ಒಂದು ವರ್ಷದ ಮೇಲೆ ಮೊದಲ ಸಲ. ಬೀಳು ಹೊಲದಲ್ಲಿ ಗಂಟಲ ಕೆಳಗೆ ನೀಲಿ ಬೀಸಣಿಗೆ ಬಿಚ್ಚುವ ಓತಿ ಹನ್ನೊಂದು ಸಿಕ್ಕವು. ಕಲ್ಲಿನ ಮೇಲೆ ಎದೆಯುಬ್ಬಿಸಿ ನಿಂತಿದ್ದ ಒಂದನ್ನು ತೋರಿಸಿ ಉಸ್ಮಾನ ಮಿಯಾ, “ತಹಶೀಲ್ದಾರ ಸಾಹೇಬ್ರು ಬಂದಾರ, ಸಲಾಂ ಹೊಡೀರಿ ಮೇಡಂ” ಎಂದರು. ಊಟಕ್ಕೆ ಕೂತಾಗ ಮರೆತು ನಿನಗೂ ಒಂದು ರೊಟ್ಟಿ ತೆಗೆದಿಟ್ಟರು. “ದಾನಮ್ಮ ಮೇಡಂ ಇಲ್ಲಂದ್ರ ಜೀಪ ಖಾಲಿ ಖಾಲಿ ಅನಸ್ತದರಿ” ಎಂದು ಮುಖ ತಿರುಗಿಸಿಕೊಂಡರು.

ಆಮೇಲೆ ಬದುವಿನ ಹತ್ತಿರ ನಂದಕುಮಾರನಿಗೆ ಹಾವೊಂದು ಕಂಡಿತು. “ಮಣ್ಣುಮುಕ್ಕ ಅದರಿ ಅಕ್ಕೋರೆ, ನೀವೊಮ್ಮಿ ನೋಡಿ ಹೇಳ್ರಿ” ಎಂದ. ಬಾಗಿದೆ. ಮೊಂಡು ಬಾಲ, ಸಣ್ಣ ಕಣ್ಣು, ವಿಷವಿಲ್ಲದ ಬಡಪಾಯಿ, ಅನುಮಾನವೇ ಇಲ್ಲ. ಆದರೂ ನಾಲಿಗೆ ಏಳಲಿಲ್ಲ. “ಬಿಡ್ರಿ, ಅದರ ಪಾಡಿಗೆ ಅದು ಹೋಗಲಿ” ಎಂದು ಅವನೇ ಹಿಂದೆ ಸರಿದ. ನಾನು ಜೀಪಿನಲ್ಲಿ ಹೋಗಿ ಕೂತೆ.

ಹೋದ ವರ್ಷದ ಜೂನ್ ತಲೆಯಿಂದ ಇಳಿಯುವುದೇ ಇಲ್ಲ. ಚಿಂತಾಕಿಯ ಆ ಹೊಲದಲ್ಲಿ ಟ್ರ್ಯಾಕ್ಟರ್ ನಮ್ಮ ಕಡೆಗೇ ಬರುತ್ತಿತ್ತು. ಸಾಲಿನಲ್ಲಿ ಮಲಗಿದ್ದ ಮರಿಯನ್ನು ಬದುವಿಗೆ ದಾಟಿಸಬೇಕೆಂದು ನಿನಗೆ ಗಡಿಬಿಡಿ. “ಮಣ್ಣುಮುಕ್ಕ, ಹೌದಿಲ್ಲೇನ ಆಮ್ರಪಾಲಿ?” ಎಂದು ಕೇಳಿದೆ ನೀನು. “ಹೌದು” ಎಂದೆ ನಾನು. ನೀನು ಕೈ ಹಾಕಿದೆ. ಅದು ಕಡುವಿಷದ ಕೊಳಕುಮಂಡಲದ ಮರಿ. ಉಸ್ಮಾನ ಮಿಯಾ ಬೀದರಿನ ದವಾಖಾನೆಗೆ ಜೀಪು ಹಾರಿಸಿದರು. ಜೀವ ಉಳಿಯಿತು, ಹೆಬ್ಬೆರಳು ತೋರುಬೆರಳು ಉಳಿಯಲಿಲ್ಲ.

ವಾರ್ಡಿನಲ್ಲಿ ಅವ್ವ ನನ್ನ ಕಡೆ ನೋಡಿದಾಗ ನೀನೇ ಅಡ್ಡ ಬಂದೆ: “ಆಕಿಗಿ ಏನೂ ಅನಬ್ಯಾಡವ್ವ. ಇಬ್ಬರೂ ನೋಡೀವಿ, ಇಬ್ಬರಿಗೂ ತಿಳೀಲಿಲ್ಲ.” ಪತ್ರದಲ್ಲೂ ಅದನ್ನೇ ಬರೆದಿದ್ದೀ: “ನಿನ್ನ ಕಣ್ಣಿಗೂ ಅದು ಮಣ್ಣುಮುಕ್ಕನಂಗ ಕಂಡಿತ್ತು ಅನ್ನೋದೇ ನನಗ ಧೈರ್ಯ. ನಾ ಒಬ್ಬಾಕಿನೇ ತಪ್ಪಿದ್ರ ಮತ್ತ ಹೊಲದಾಗ ಕಾಲಿಡತಿದ್ದಿಲ್ಲ.” ಈ ಮಾತನ್ನು ಓದಿ ಓದಿ ಕಾಗದದ ಮಡಿಕೆ ಹರಿದಿದೆ.

ಅವ್ವನಿಗೆ ನನ್ನ ಶರಣು ಹೇಳು. ನಿನಗೆ ಜೈಭೀಮ. ಆ ಎಡಗೈ ಗಟ್ಟಿಯಾಗಲಿ, ನಿನ್ನ ಶಾಲೆಯ ಬೋರ್ಡಿನ ಮೇಲೆ ಮಕ್ಕಳು ಓದುವ ಹಾಗೆ ಓಡಲಿ.

ನಿನ್ನ
ಆಮ್ರಪಾಲಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ದಾನಮ್ಮ, ಅವತ್ತು ನಾನು ಆ ಮರಿಯನ್ನು ನೋಡಿರಲಿಲ್ಲ. ಬಾಗಲೂ ಇಲ್ಲ, ತಿರುಗಲೂ ಇಲ್ಲ. ಆಗತಾನೇ ತೆಗೆದ ಓತಿಯ ಫೋಟೊವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ನೀನು ಹೇಳಿದ ಮೇಲೆ ಸರಿಯೇ ಇರುತ್ತದೆ ಎಂದು ತಲೆಯೆತ್ತದೆ “ಹೌದು” ಎಂದೆ. ನೀನು ಚೀರಿದ ಮೇಲೆ ನೋಡಿದೆ, ನೋಡಿದ ಕೂಡಲೇ ಹೆಸರು ಗೊತ್ತಾಯಿತು. ಗಡಿಬಿಡಿಯಲ್ಲಿ ಯಾರ ಕಣ್ಣಾದರೂ ತಪ್ಪುತ್ತದೆ, ಅದಕ್ಕೆಂದೇ ಆ ಕಟ್ಟಳೆ ಇತ್ತು; ಅದನ್ನು ಮುರಿದವಳು ನಾನು. ವಾರ್ಡಿನಲ್ಲಿ ನೀನು ನನ್ನ ಪರ ಮಾತಾಡಿದಾಗ ಸುಮ್ಮನಿದ್ದೆ. ಒಂದು ವರ್ಷ ಸುಮ್ಮನಿದ್ದೆ. ಇದನ್ನು ಬರೆದು ನಿನ್ನ ಧೈರ್ಯವನ್ನು ಕಸಿಯುತ್ತಿದ್ದೇನೆಂದು ಗೊತ್ತು, ಆದರೆ ಸುಳ್ಳಿನ ಮೇಲೆ ನಿನ್ನನ್ನು ಮತ್ತೆ ಹೊಲಕ್ಕೆ ಕರೆಯಲಾರೆ. ಆಗಸ್ಟ್‌ನಲ್ಲಿ ನೀನು ಬಾ. ಹೆಸರನ್ನು ಮಾತ್ರ ನಂದಕುಮಾರನ ಹತ್ತಿರ ಕೇಳು, ನನ್ನ ಹತ್ತಿರ ಕೇಳಬೇಡ.