ಏಳು ಒಲೆಗಳಿಗೆ ಕೆಂಡ ಕೊಟ್ಟವಳ ಅರ್ಜಿ

ನಿರಾಶ್ರಿತರ ಪರಿಹಾರ ಕಚೇರಿಯ ದೊಡ್ಡ ಸಾಹೇಬರ ಸನ್ನಿಧಿಗೆ,

ಮಾನ್ಯರೇ, ನಿಮ್ಮ ಯಾದಿಯಲ್ಲಿ ನನ್ನ ಹೆಸರಿನ ಎದುರು ‘ಯಾರೂ ಇಲ್ಲ’ ಎಂದು ಬರೆದಿದೆ. ಆ ಎರಡು ಶಬ್ದಗಳ ಬಲದಿಂದ, ಬರುವ ಅಮಾವಾಸ್ಯೆಯ ಮರುದಿನ ನನ್ನನ್ನು ಲಾರಿಯಲ್ಲಿ ಕೂರಿಸಿ ಪುಣೆಯ ಕಡೆಯ ಯಾವುದೋ ಅನಾಥ ಸ್ತ್ರೀಯರ ಆಶ್ರಮಕ್ಕೆ ಸಾಗಿಸುವುದಾಗಿ ಹುಕುಂ ಬಂದಿದೆ. ನಾನು ಹೋಗುವುದಿಲ್ಲ. ಇದನ್ನೇ ಎರಡು ಸಲ ಬರೆದು, ಗೋಕಾಕದ ತನಕ ನಡೆದುಹೋಗಿ ನಿಮ್ಮ ಕಚೇರಿಯಲ್ಲಿ ಕೊಟ್ಟುಬಂದೆ. ಎರಡಕ್ಕೂ ಉತ್ತರವಿಲ್ಲ. ಆದ್ದರಿಂದ ಮೂರನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಬಾಜೂ ಕುಳಿತವರು ಓದಿ ಹೇಳಿಯಾರು.

ನಾನು ಸತ್ತೆವ್ವ. ಕೃಷ್ಣೆಯ ಆಚೆ ದಂಡೆಯವಳು, ನಿಜಾಮರ ಸೀಮೆಯವಳು. ಹೋದ ವರ್ಷ ಬಂದ ಸ್ವಾತಂತ್ರ್ಯ ಹೊಳೆಯ ಈ ದಂಡೆಗೇ ನಿಂತಿತು. ನಮ್ಮ ಕಡೆ ಬಂದದ್ದು ರಜಾಕಾರರ ದಂಡು. ಮಾಘ ಮಾಸದಲ್ಲಿ ಊರ ಬಣವೆಗಳಿಗೆ ಬೆಂಕಿ ಬಿದ್ದ ದಿನ ನಾವು ಏಳು ಮನೆತನದವರು, ನನ್ನನ್ನು ಹಿಡಿದು ನಲವತ್ತೆರಡು ಮಂದಿ, ಹರಿಗೋಲಿನಲ್ಲಿ ಹೊಳೆ ದಾಟಿದೆವು. ದಾಟಿಸಿದವನು ನಮ್ಮೂರ ಮುಸಲ್ಮಾನ ಕಾಕಾ. ಅವನ ಮನೆ ಉಳಿಯಿತೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ಬಾಗಲಕೋಟೆಯ ಬಿಡಾರಗಳು ತುಂಬಿವೆಯೆಂದು ನಿಮ್ಮವರೇ ನಮ್ಮನ್ನು ಈ ತಾಲೂಕಿಗೆ ಕಳಿಸಿ, ಕಲ್ಲೋಳಿ ಹಳ್ಳಿಯ ಹೊರಗೆ, ಹತ್ತಿ ಅಂಡಿಗೆ ಕೂಡಿಡುತ್ತಿದ್ದ ಹಳೆಯ ವಖಾರದಲ್ಲಿ ಇಳಿಸಿದರು. ನಮ್ಮ ಮನೆಯವರು ಊರ ಮಠದ ಸಾಲಿಯಲ್ಲಿ ಮಾಸ್ತರರಾಗಿದ್ದರು. ನನಗೆ ಅಕ್ಷರ ಕೊಟ್ಟು, ಮಕ್ಕಳನ್ನು ಕೊಡದೆ, ಹನ್ನೆರಡು ವರ್ಷದ ಹಿಂದೆ ತೀರಿಕೊಂಡರು. ಆ ಅಕ್ಷರಗಳೇ ಇವತ್ತು ನಿಮಗೆ ಕಾಟ ಕೊಡುತ್ತಿರುವುದು.

ನಾವು ಬಸವಣ್ಣನ ಒಕ್ಕಲು. ಪರಸ್ಥಳದಲ್ಲಿ ಊರವರು ಕೂಡಿ ಇಳಿದರೆ ಒಂದೇ ಒಲೆ ಹೂಡುವುದು, ಇದ್ದದ್ದನ್ನು ಹಂಚಿ ಉಣ್ಣುವುದು ನಮ್ಮೂರ ಪದ್ಧತಿ. ಬೇರೆ ಒಲೆ ಕಂಡರೆ, ಇವರು ದಾರಿಯಲ್ಲಿ ಜಗಳವಾಡಿಕೊಂಡು ಬಂದವರು ಎಂದು ನೋಡಿದವರು ನಗುತ್ತಾರೆ. ಹಾಗಾಗಿ ವಖಾರದ ನಡುವೆ ಒಂದು ದೊಡ್ಡ ಒಲೆ ಹೂಡಿದೆವು, ಅದರ ಮುಂದೆ ನಾನು ಕೂತೆ. ಗಂಡಸರು ಕಾಲುವೆಯ ಹೂಳೆತ್ತಲು, ಹೆಂಗಸರು ಕಳೆ ಕೀಳಲು ಹೋದರೆ, ಬರುವಷ್ಟರಲ್ಲಿ, ಕಲ್ಲೋಳಿಯವರು ಕೊಟ್ಟ ಜೋಳ ಇರುವ ತನಕ, ನೂರರ ಮೇಲೆ ರೊಟ್ಟಿ ಬಡಿದಿಡುತ್ತಿದ್ದೆ. ಕಲ್ಲೋಳಿಯ ಸುಂದ್ರವ್ವ ಎಂಬಾಕೆ ತನ್ನ ಮನೆಯ ಹಿಟ್ಟು ನಾದುವ ದೊಡ್ಡ ಪರಾತ, ರೊಟ್ಟಿ ಹಂಚು ಹೊತ್ತು ತಂದು, “ತಿರಗಿ ಕೊಡಬ್ಯಾಡ್ರಿ ಎವ್ವಾ, ನಿಮ್ಮೂರಿಗಿ ಹೊಂಟಾಗ ತಗೊಂಡ ಹೋಗ್ರಿ” ಅಂದಳು. ಆಕೆ ನಮ್ಮಿಂದ ಯಾವ ಫಾರಮನ್ನೂ ತುಂಬಿಸಿಕೊಳ್ಳಲಿಲ್ಲ. ಖರೆ ಹೇಳಬೇಕೆಂದರೆ, ಮನೆ ಕಳೆದುಕೊಂಡ ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಹನ್ನೆರಡು ವರ್ಷ ಒಬ್ಬಳಿಗೇ ಬೇಯಿಸಿಕೊಂಡವಳ ಮುಂದೆ ನಲವತ್ತು ಜನ ಪಂಕ್ತಿ ಕೂತಿದ್ದರು.

ಆಗ ನಿಮ್ಮ ಕಾರಕೂನರ ಆಗಮನವಾಯಿತು. ನಮ್ಮಲ್ಲಿ ಹಿರಿಯರಾದ ದುಂಡಪ್ಪಣ್ಣನವರನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: “ಏನ್ರಿ, ಎಷ್ಟ ಒಲಿ ಅದಾವು?” ದುಂಡಪ್ಪಣ್ಣ ಎದೆ ಸೆಟೆಸಿ, “ಒಂದ ಒಲಿರಿ ಸಾಹೇಬ್ರ. ನಮ್ಮೊಳಗ ಬ್ಯಾರೆ ಒಲಿ ಹೂಡೂದಿಲ್ರಿ” ಅಂದರು. ಅಭಿಮಾನದ ಮಾತು ಅದು. ಕಾರಕೂನರು ‘ಕುಟುಂಬ: ಒಂದು’ ಎಂದು ಬರೆದುಕೊಂಡು ಹೊರಟುಹೋದರು. ಒಂದು ಕುಟುಂಬದ ಜೋಳವನ್ನು ನಲವತ್ತೆರಡು ಮಂದಿ ಎರಡು ತಿಂಗಳು ಉಂಡೆವು. ಉಂಡೆವು ಎನ್ನುವುದೂ ಸುಳ್ಳು, ಅಂಬಲಿ ಕಾಸಿ ಕುಡಿದೆವು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ದುಂಡಪ್ಪಣ್ಣ ಅರ್ಜಿ ಕೊಟ್ಟು ಸುಸ್ತಾದ ಮೇಲೆ ನಿಮ್ಮ ಅಮೃತವಾಣಿ ಬಂತು: ‘ಪ್ರತ್ಯೇಕ ಒಲೆ ಕಂಡುಬಂದಲ್ಲಿ ಪ್ರತ್ಯೇಕ ಕುಟುಂಬವೆಂದು ಪರಿಗಣಿಸಲಾಗುವುದು.’ ಮರುತಪಾಸಣೆಯ ಮುಂಜಾನೆ ನಾನೇ ಓಡಾಡಿ ಏಳು ಮನೆಯವರಿಗೂ ಮೂರು ಮೂರು ಕಲ್ಲು ಆರಿಸಿಕೊಟ್ಟೆ. ದೊಡ್ಡ ಒಲೆಯ ಕೆಂಡವನ್ನು ಕುಳ್ಳಿನ ಮೇಲಿಟ್ಟುಕೊಂಡು ಒಂದೊಂದು ಒಲೆಗೂ ಒಯ್ದೆ. ದುಂಡಪ್ಪಣ್ಣನ ಹೆಂಡತಿ ಯಮನವ್ವನ ಒಲೆ ಹತ್ತಲೊಲ್ಲದು ಎಂದಾಗ ಕೂತು ಊದಿಯೂ ಕೊಟ್ಟೆ. ಏಳನೆಯದಕ್ಕೆ ಕೊಡುವ ಹೊತ್ತಿಗೆ ದೊಡ್ಡ ಒಲೆಯಲ್ಲಿ ಬೂದಿ ಮಾತ್ರ ಉಳಿದಿತ್ತು. ನನಗೂ ಒಂದು ಒಲೆ ಬೇಕೆಂಬುದು ಈ ಹುಚ್ಚಿಯ ತಲೆಗೆ ಹೊಳೆಯಲೇ ಇಲ್ಲ.

ಕಾರಕೂನರು ಒಲೆಗಳನ್ನು ಎಣಿಸುತ್ತ ಬಂದು ನನ್ನ ಮುಂದೆ ನಿಂತರು. “ಎವ್ವಾ, ನಿಮ್ಮ ಒಲಿ ಯಾವುದ್ರಿ?”

“ಎಲ್ಲಾ ನಮ್ಮವ ಅದಾವ ತಮ್ಮಾ.”

“ಹಂಗಲ್ರಿ. ನಿಮ್ಮವರು ಅಂತ ಯಾರದಾರ?”

“ಇವರ ಎಲ್ಲಾ.”

ಯಮನವ್ವ ನಡುವೆ ಬಾಯಿ ಹಾಕಿ, “ಆಕಿ ನಮ್ಮ ಅಕ್ಕ ಅಂತ ಬರಕೋರಿ” ಅಂದಳು. “ಒಡಹುಟ್ಟಿದಾಕಿ ಏನು?” ಎಂದು ಅವರು ಕೇಳಿದಾಗ ತನ್ನ ಒಲೆಗೆ ಕುಳ್ಳು ಇಡಲು ಬಗ್ಗಿದಳು. ಕಾರಕೂನರು ಕೆಟ್ಟವರಲ್ಲ, ತಲೆ ಕೆರೆದುಕೊಂಡರು, ಫಾರಮು ತಿರುವಿ ಹಾಕಿದರು. ಕೊನೆಗೆ ನಾನು ಈಗಾಗಲೇ ಹೇಳಿದ ಆ ಎರಡು ಶಬ್ದ ಬರೆದರು.

ಮಾನ್ಯರೇ, ನಾನು ಆವತ್ತು ಒಂದು ಚೂರು ಜಾಣತನ ಮಾಡಿ ಮೂಲೆಯಲ್ಲಿ ಮೂರು ಕಲ್ಲು ಇಟ್ಟಿದ್ದರೆ ಕುಟುಂಬವಾಗುತ್ತಿದ್ದೆ, ಅಲ್ಲವೇ? ನೆರೆಹೊರೆಯವರ ಉರಿಯನ್ನು ಊದದೆ ನನ್ನದನ್ನೇ ಊದಿಕೊಂಡಿದ್ದರೆ ನಿಮ್ಮ ಸರಕಾರದ ದೃಷ್ಟಿಯಲ್ಲಿ ನನಗೆ ಬಂಧುಬಳಗ ಇರುತ್ತಿತ್ತು. ಇದು ಯಾವ ಶಾಸ್ತ್ರ? ಆಶ್ರಮದಲ್ಲಿ ಎರಡು ಹೊತ್ತು ಊಟ, ಸೀರೆ, ಭಜನೆ ಉಂಟೆಂದು ನಿಮ್ಮ ಹುಕುಮಿನಲ್ಲಿದೆ. ಬಹಳ ಉಪಕಾರ. ಅಲ್ಲಿ ನಾನು ಸತ್ತರೆ, ಸತ್ತವಳು ಯಾವ ಊರಿನವಳೆಂದು ಹೇಳಲು ಯಾರಿದ್ದಾರೆ? ನನ್ನ ಗಂಡ ಹೇಗೆ ನಗುತ್ತಿದ್ದರೆಂದು ಬಲ್ಲವರು ಭೂಮಿಯ ಮೇಲೆ ಈ ವಖಾರದಲ್ಲಿ ಮಾತ್ರ ಇದ್ದಾರೆ.

ಈಗ ಏಳು ಮನೆಗೂ ಜೋಳ ಸರಿಯಾಗಿ ಬರುತ್ತಿದೆ. ಅದಕ್ಕೆ ನಿಮಗೆ ಶರಣು. ಅವರು ನನ್ನನ್ನು ಬಿಟ್ಟಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರದು, ಹೀಗೆ ಪಾಳಿ ಹಚ್ಚಿದ್ದಾರೆ. “ಬರ್ರಿ ಅಕ್ಕಾ, ಉಣ್ಣಾಕ” ಎಂದು ಕರೆಯುತ್ತಾರೆ. ಮೊದಲು ಯಾರೂ ಕರೆಯುತ್ತಿರಲಿಲ್ಲ, ನಾನೇ ಕರೆಯುವವಳಾಗಿದ್ದೆ. ಚಾಪೆ ಹಾಸಿ ಕೂರಿಸುತ್ತಾರೆ. ರೊಟ್ಟಿ ಬಡಿಯಲು ಕೈ ಹಾಕಿದರೆ “ಇರಲಿ ಕೂಡ್ರಿ” ಎನ್ನುತ್ತಾರೆ. ಹಸಿದು ಎದ್ದದ್ದಿಲ್ಲ, ಆದರೆ ಹೊಟ್ಟೆ ತುಂಬಿದ್ದೂ ಇಲ್ಲ. ಸುಂದ್ರವ್ವನ ಪರಾತ ಗೋಡೆಗೆ ಒರಗಿದೆ, ಅಷ್ಟು ದೊಡ್ಡದು ಈಗ ಯಾರಿಗೂ ಬೇಕಾಗಿಲ್ಲ.

ಮತ್ತೆ ಒಂದೇ ಒಲೆ ಹೂಡಲು ಅಪ್ಪಣೆ ಕೊಡಿ, ಜೋಳ ಮಾತ್ರ ಏಳು ಕುಟುಂಬದ್ದು ಕೊಡಿ, ಆ ಒಲೆಯ ಹೆಸರಿನಲ್ಲಿ ನನ್ನನ್ನು ಬರೆದುಕೊಳ್ಳಿ ಎಂದು ಹಿಂದಿನ ಎರಡು ಅರ್ಜಿಗಳಲ್ಲಿ ಕೇಳಿದ್ದೆ. ಈ ಸಲ ಅದನ್ನು ಕೇಳುವುದಿಲ್ಲ. ಮೊನ್ನೆ ಯಮನವ್ವ ತನ್ನ ಒಲೆಗೆ ಮಣ್ಣು ಮೆತ್ತಿ, ಸಾರಿಸಿ, ರಂಗೋಲಿಯ ಎಳೆ ಎಳೆದಳು. ನನ್ನನ್ನು ಕರೆದು ತೋರಿಸಿದಳು, ಚಂದ ಆಗೇದ ಅಂದೆ. ನೀವು ಅಪ್ಪಣೆ ಕೊಟ್ಟರೂ ಆ ಏಳು ಮನೆಯವರು ತಮ್ಮ ಒಲೆ ಕೆಡವಿ ನನ್ನ ಮುಂದೆ ಬಂದು ಕೂರುತ್ತಾರೆಯೇ? ನಾನು ಅವರನ್ನು ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಆದ್ದರಿಂದ ನನ್ನ ಬೇಡಿಕೆಯನ್ನು ಸಣ್ಣದು ಮಾಡಿದ್ದೇನೆ. ಲಾರಿ ಕಳಿಸಬೇಡಿ. ನಿಮ್ಮ ಕಾರಕೂನರನ್ನು ಇನ್ನೊಂದು ಸಲ ಕಳಿಸಿ. ವಖಾರದ ಬಾಗಿಲ ಪಕ್ಕದಲ್ಲಿ ನಾನು ಮೂರು ಕಲ್ಲು ಇಟ್ಟು, ಒಂದೇ ರೊಟ್ಟಿ ಬೇಯಿಸುತ್ತ ಕೂತಿರುತ್ತೇನೆ. ಎಂಟನೆಯ ಕುಟುಂಬವೆಂದು ಬರೆದುಕೊಳ್ಳಲಿ. ಒಬ್ಬಳೇ ಉಂಡರೂ ಚಿಂತೆಯಿಲ್ಲ, ಅವರ ಮಾತು ಕೇಳಿಸುವಷ್ಟು ದೂರದಲ್ಲಿ ಉಣ್ಣುತ್ತೇನೆ.

ಇಂತಿ,
ಕುಟುಂಬವಾಗಲು ಒಪ್ಪಿಕೊಂಡಿರುವ ಒಬ್ಬಂಟಿ,
ಸತ್ತೆವ್ವ
ಹತ್ತಿ ವಖಾರ, ಕಲ್ಲೋಳಿ
ಶ್ರಾವಣ, ೧೯೪೮