ಭಂತೆಯವರು ಕೇಳಿದ ಉಪ್ಪಿಲ್ಲದ ಸಾರು

ತರೀಕೆರೆ,
೧೮ ನವೆಂಬರ್ ೨೦೨೪, ಸೋಮವಾರ

ತಂಗಿ ಸಂಘಮಿತ್ರಾ,

ನವೆಂಬರ್ ಹತ್ತರ ಭಾನುವಾರ, ಅಜ್ಜಂಪುರದ ನಮ್ಮ ಬೌದ್ಧ ವಿಹಾರದಲ್ಲಿ, ಭಂತೆಯವರ ನುಡಿನಮನಕ್ಕೆ ಸೇರಿದ್ದ ಮುನ್ನೂರು ಜನರ ಎದುರು ಮೈಕು ಹಿಡಿದು ನೀನು ನನಗೆ ಅನ್ಯಾಯ ಮಾಡಿದೆ. ಇದನ್ನು ಮೊದಲೇ ಬರೆದುಬಿಟ್ಟರೆ ಮುಂದಿನದು ಸಲೀಸು. ಈಗ ಕ್ಷೇಮ ಕೇಳುತ್ತೇನೆ. ನಿನ್ನ ಮಂಡಿನೋವು ಹೇಗಿದೆ? ಕಡೂರಿನ ಆ ನರ್ಸಿಂಗ್ ಹೋಮಿನವರು ಐವತ್ತೊಂದು ವರ್ಷದ ನರ್ಸನ್ನು ಇನ್ನೂ ಮಹಡಿ ಹತ್ತಿಸಿ ಇಳಿಸುತ್ತಿದ್ದಾರೆಯೇ? ಮಗಳು ಅಕ್ಷತಾಳ ಪರೀಕ್ಷೆ ಮುಗಿಯಿತೇ? ಇಲ್ಲಿ ನಿನ್ನ ಭಾವನಿಗೆ ಕೆಮ್ಮು ಬಿಟ್ಟರೆ ಬೇರೇನಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮೊದಲು ಅಳುತ್ತೀಯ, ಆಮೇಲೆ ತಪ್ಪು ನನ್ನದೇ ಆಗಿಬಿಡುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ.

ನೀನು ಆಡಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ. ‘ಭಂತೆಯವ್ರು ಯಾರ್ ಮನೆ ಊಟನೂ ಇಂಥಾದ್ದೇ ಬೇಕು ಅಂತ ಕೇಳ್ದೋರಲ್ಲ. ನನ್ನೊಬ್ಳನ್ನ ಕೇಳಿದ್ರು. ಮುಂದಿನ್ ಭಾನುವಾರ ಉಪ್ಪಾಕ್ದೆ ಬೇಳೆ ಸಾರು ಮಾಡ್ಕೊಂಡ್ ಬತ್ತೀಯೇನವ್ವ ಸಂಘಮಿತ್ರಾ ಅಂದ್ರು. ನನ್ ಸಾರಿಗೆ ಉಪ್ಪೇ ಬೇಡ ಕಣ್ರೀ, ಅಷ್ಟು ರುಚಿ!’ ಜನ ನಕ್ಕರು, ಚಪ್ಪಾಳೆ ತಟ್ಟಿದರು. ಸಮಿತಿಯ ಅಧ್ಯಕ್ಷ ಓಬಳಪ್ಪನವರು ನಗುತ್ತಲೇ ಕಣ್ಣೊರೆಸಿಕೊಂಡರು. ಮೂರನೇ ಸಾಲಿನಲ್ಲಿದ್ದ ನನ್ನ ಕಿವಿ ಬಿಸಿಯಾಯಿತು. ಪಕ್ಕದಲ್ಲಿದ್ದ ನಿನ್ನ ಭಾವ ಕೆಂಪರಾಜು ಸುಮ್ಮನಿರಬಾರದೇ? ‘ಹದಿನೇಳು ವರ್ಷ ಕ್ಯಾರಿಯರ್ ಹೊತ್ತೋಳು ನೀನು, ಮಾರ್ಕ್ಸ್ ಬಿದ್ದಿದ್ದು ಅವಳಿಗೆ ಕಣೇ’ ಅಂದರು.

ಹದಿನೇಳು ವರ್ಷ. ವಿಹಾರದ ಗೋಡೆಯ ಮೇಲಿನ ಊಟದ ಸರದಿ ಪಟ್ಟಿಯಲ್ಲಿ ಗುರುವಾರ ನನ್ನದು, ಭಾನುವಾರ ನಿನ್ನದು. ಮಧ್ಯಾಹ್ನ ಹನ್ನೆರಡು ದಾಟಿದರೆ ಭಿಕ್ಷುಗಳು ಉಣ್ಣುವುದಿಲ್ಲವೆಂದು ಇಲ್ಲಿ ಒಂಬತ್ತರ ಬಸ್ಸಿಗೇ ಓಡುತ್ತಿದ್ದೆ. ತೊಡೆಯ ಮೇಲೆ ಬಿಸಿ ಕ್ಯಾರಿಯರ್ ಇಟ್ಟುಕೊಂಡು ಅಜ್ಜಂಪುರ ಸೇರುವ ಹೊತ್ತಿಗೆ ಸೀರೆಯೆಲ್ಲ ಸಾರಿನ ವಾಸನೆ. ಭಂತೆಯವರು ಮುದ್ದೆ, ಅನ್ನ, ಸಾರು, ಪಲ್ಯ, ಕೊನೆಗೆ ಪಾಯಸವನ್ನೂ ಒಂದೇ ಪಾತ್ರೆಗೆ ಹಾಕಿಸಿಕೊಂಡು ಕಲೆಸಿಬಿಡುತ್ತಿದ್ದರು. ಚೆನ್ನಾಗಿದೆ ಎನ್ನುತ್ತಿರಲಿಲ್ಲ, ಇಲ್ಲ ಎನ್ನುತ್ತಿರಲಿಲ್ಲ. ಉಂಡ ಮೇಲೆ ಎಲ್ಲರಿಗೂ ಒಂದೇ ಮಾತು: ‘ಸುಖವಾಗಿರವ್ವ.’ ನಾನು ಕಂಬದ ಪಕ್ಕ ನಿಂತು ಅವರ ಬೆರಳು ನೋಡುತ್ತಿದ್ದೆ. ಅವರೆಕಾಳಿಗೆ ಬೇಗ ಓಡುತ್ತವೆಯೇ, ಹುರುಳಿ ಬಸ್ಸಾರಿಗೆ ನಿಧಾನವೇ? ಹದಿನೇಳು ವರ್ಷದಲ್ಲಿ ಒಂದು ಸುಳಿವೂ ಸಿಗಲಿಲ್ಲ. ನನಗೆ ಸಿಗದದ್ದು ಯಾರಿಗೂ ಸಿಕ್ಕಿಲ್ಲ ಎಂಬುದೊಂದೇ ನನ್ನ ಸಮಾಧಾನವಾಗಿತ್ತು. ಅದನ್ನು ನೀನು ಎರಡು ನಿಮಿಷದಲ್ಲಿ ಕಿತ್ತುಕೊಂಡೆ.

ನಿನಗೆ ಎಲ್ಲವೂ ಹೀಗೇ ಸಿಕ್ಕಿದೆ, ಹೆಸರೂ ಸೇರಿ. ಬುಕ್ಕಾಂಬುಧಿಯಲ್ಲಿ ನಮ್ಮ ಮನೆಯವರೆಲ್ಲ ಬೌದ್ಧರಾದಾಗ ನನಗೆ ಹನ್ನೊಂದು ವರ್ಷ, ನೀನು ಇನ್ನೂ ಹುಟ್ಟಿರಲಿಲ್ಲ. ಮರುವರ್ಷ ಹುಟ್ಟಿದೆ. ಭಂತೆಯವರೇ ನಿನ್ನನ್ನು ಎತ್ತಿಕೊಂಡು ಸಂಘಮಿತ್ರಾ ಎಂದು ಕರೆದರು. ನಾನು ಅವರ ಕಾವಿ ಚೀವರದ ಅಂಚು ಹಿಡಿದು ‘ನಂಗೂ ಅಂಥದ್ದೇ ಹೆಸರಿಡಿ’ ಎಂದು ಅತ್ತೆ. ಅವರು ಕುಕ್ಕುರುಗಾಲಲ್ಲಿ ಕೂತು, ‘ಹನುಮಂತಮ್ಮ ಅಂದ್ರೆ ನಿಮ್ಮಜ್ಜಿ ಹೆಸ್ರಲ್ವೇನವ್ವ? ಅದನ್ನ ಯಾರಿಗ್ ಬಿಟ್ಟು ಹೋಗ್ತೀಯ?’ ಎಂದರು. ಮಾತು ದೊಡ್ಡದು, ಈಗ ತಿಳಿಯುತ್ತದೆ. ಆಗ ನನಗೆ ಬೇಕಿದ್ದುದು ಹೆಸರು. ಅದರ ಬದಲಿಗೆ ಓದು ಕೊಟ್ಟರು ಎನ್ನಬೇಕು. ಊರಿಗೆ ಬಂದಾಗಲೆಲ್ಲ ಹಳೇ ಪೇಪರ್ ತಂದು ನನ್ನ ಕೈಗೆ ಕೊಟ್ಟು ಕೇರಿಯವರ ಮುಂದೆ ಗಟ್ಟಿಯಾಗಿ ಓದಿಸುತ್ತಿದ್ದರು. ತಡವರಿಸಿದರೆ ಯಾರನ್ನೂ ನಗಲು ಬಿಡುತ್ತಿರಲಿಲ್ಲ. ಲೈಬ್ರರಿ ಕೆಲಸಕ್ಕೆ ಅರ್ಜಿ ಬರೆಸಿದವರೂ ಅವರೇ. ಮೂವತ್ತು ವರ್ಷ ಪುಸ್ತಕಗಳ ನಡುವೆ ಅನ್ನ ಉಂಡೆ. ಇದನ್ನೆಲ್ಲ ಮೈಕಿನಲ್ಲಿ ಹೇಳಬೇಕೆಂದು ಚೀಟಿ ಬರೆದುಕೊಂಡು ಬಂದಿದ್ದೆ. ನಿನ್ನ ಸಾರಿನ ಮಾತಾದ ಮೇಲೆ ಅದು ಯಾರಿಗೆ ಬೇಕಿತ್ತು? ಚೀಟಿ ಇನ್ನೂ ಪರ್ಸಿನಲ್ಲಿದೆ.

ಮಾರನೆಯ ಬೆಳಿಗ್ಗೆಯೇ ಭಿಕ್ಷುಗಳ ನಿಯಮಗಳ ಪುಸ್ತಕ ತೆಗೆದು ಕೂತೆ. ನೀನು ಸುಳ್ಳು ಹೇಳಿದ್ದೀಯ ಎಂದು ಅಚ್ಚಾದ ಅಕ್ಷರದಲ್ಲಿ ತೋರಿಸಬೇಕಿತ್ತು. ಸಿಕ್ಕಿತು: ಭಿಕ್ಷುವಾದವನು ತನಗಾಗಿ ಅನ್ನವನ್ನಾಗಲಿ ಸಾರನ್ನಾಗಲಿ ಕೇಳಿ ಮಾಡಿಸಿಕೊಳ್ಳಬಾರದು. ಅಲ್ಲಿಗೆ ಎರಡೇ ದಾರಿ. ನೀನು ಸತ್ತವರ ಮೇಲೆ ಕಥೆ ಕಟ್ಟಿದ್ದೀಯ, ಇಲ್ಲವೇ ಅವರು ನಿನಗೋಸ್ಕರ ನಿಯಮ ಮುರಿದಿದ್ದಾರೆ. ಮೊದಲನೆಯದಾದರೆ ನಿನ್ನನ್ನು ಕ್ಷಮಿಸಬಹುದು. ಎರಡನೆಯದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಪುಸ್ತಕ ಮುಚ್ಚುವ ಮೊದಲು ಅದೇ ಸಾಲನ್ನು ಇನ್ನೊಮ್ಮೆ ಓದಿದೆ. ಕೊನೆಗೆ ಎರಡು ಪದ ಉಳಿದಿದ್ದವು: ಕಾಯಿಲೆಯಿದ್ದಾಗ ಹೊರತು.

ಆಗ ನನಗೆ ಒಂದೊಂದೇ ಕಾಣತೊಡಗಿತು. ಒಂದು ವರ್ಷದಿಂದ ಅವರು ಚಪ್ಪಲಿ ಬಿಟ್ಟಿದ್ದರು. ನಾನು ವ್ರತವೆಂದುಕೊಂಡಿದ್ದೆ. ಊದಿದ ಕಾಲು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ, ಅಲ್ಲವೇ? ಮುಖದ ಊತವನ್ನು ಮೈ ಬಂದಿದೆ ಎಂದುಕೊಂಡಿದ್ದೆ. ಭಾನುವಾರ ನೀನು ಬಿಪಿ ಮಿಷನ್ ತರುತ್ತಿದ್ದೆ. ‘ಸುಮ್ನೆ ನೋಡ್ತೀನಿ ಕಣಕ್ಕ’ ಎಂದಿದ್ದೆ. ಉಪ್ಪು ಬೇಡವೆಂದು ಅವರಿಗೆ ಹೇಳಿದವಳು ನೀನೇ ಇರಬೇಕು. ಅಂದು ಓಬಳಪ್ಪನವರು ‘ಒಂದಿನ ಮಲಗಿದೋರಲ್ಲ, ಕೂತಂಗೇ ಹೊಂಟೋದ್ರು’ ಎಂದಾಗ ನೀನು ವೇದಿಕೆಯ ಮೇಲೆಯೇ ಕೂತಿದ್ದೆ, ತಲೆ ಎತ್ತಲಿಲ್ಲ. ಗುಟ್ಟನ್ನೂ ಉಳಿಸಿಕೊಂಡೆ, ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡೆ. ಅವರಿಗೆ ನಿನ್ನ ಸಾರು ಇಷ್ಟವಾಗಿತ್ತು ಎಂದು ಹದಿನೈದು ಜನ ನನಗೆ ಫೋನ್ ಮಾಡಿ ಹೇಳಿದ್ದಾರೆ. ಅದು ಈಗ ನನಗೆ ದೊಡ್ಡದಲ್ಲ. ಅವರು ತಮ್ಮ ನೋವನ್ನು ನಿನ್ನ ಮುಂದೆ ಇಟ್ಟರು, ನನ್ನ ಮುಂದೆ ಇಡಲಿಲ್ಲ. ಹನ್ನೆರಡು ವರ್ಷದವಳಾಗಿ ಅತ್ತದ್ದು ಇದಕ್ಕಿಂತ ಹಗುರವಾಗಿತ್ತು ಕಣೇ.

ಹೊರಗೆ ಚಳಿ ಶುರುವಾಗಿದೆ. ಅಕ್ಷತಾಳಿಗೆ ನಾನು ಹೆಣೆದ ಸ್ವೆಟರ್ ಹಾಕಿಸು. ನಿನ್ನ ಯಜಮಾನರು ಯೋಗಾನಂದನವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ನೀನೂ ಮಂಡಿಗೆ ಎಣ್ಣೆ ತಿಕ್ಕಿಕೊ. ನಾನು ಸಿಟ್ಟಿನಲ್ಲಿದ್ದರೂ ನೀನು ಸುಖವಾಗಿರು ಎಂದೇ ಬರೆಯುತ್ತೇನೆ, ಅವರು ಕಲಿಸಿದ್ದು ಅದನ್ನೇ.

ನಿನ್ನ ಅಕ್ಕ,
ಹನುಮಂತಮ್ಮ

ಮತ್ತೆ: ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ. ಆ ಒಂದು ವರ್ಷ ಗುರುವಾರದ ಪಾತ್ರೆಯಲ್ಲಿ ಅವರು ಅರ್ಧ ಊಟ ಉಳಿಸುತ್ತಿದ್ದರು. ಸಪ್ಪೆಯಾಯಿತೇನೋ, ನಿನ್ನ ಅಡುಗೆಯೇ ಮೇಲಾಯಿತೇನೋ ಎಂದು ನಾನು ವಾರವಾರವೂ ಉಪ್ಪು ಹೆಚ್ಚಿಸಿದೆ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಕಟ್ಟಿಕೊಂಡು ಹೋದೆ. ಅವರು ನನ್ನ ಮುಖ ನೋಡಿ ತಿಂದರು. ಕ್ಯಾರಿಯರ್‌ನಲ್ಲಿ ಏನಿದೆಯೆಂದು ನಿನಗೆ ಗೊತ್ತಿತ್ತು, ನಾನೇ ಜಂಭದಿಂದ ಹೇಳುತ್ತಿದ್ದೆ. ಒಂದು ಮಾತು ಹೇಳಿದ್ದರೆ ನಾನು ನಿಲ್ಲಿಸುತ್ತಿರಲಿಲ್ಲವೇ? ಡಿಸೆಂಬರ್ ಹದಿನೈದರ ಹುಣ್ಣಿಮೆ ಭಾನುವಾರವೇ ಬಿದ್ದಿದೆ, ಎಲ್ಲರೂ ಸೇರುತ್ತಾರೆ. ಅದೇ ಮೈಕಿನಲ್ಲಿ ಹೇಳು: ಅವರಿಗೆ ಯಾವಾಗಿನಿಂದ ಕಾಯಿಲೆ, ಯಾರಿಗೂ ಹೇಳಬೇಡವೆಂದವರು ಅವರೋ ಅಥವಾ ನೀನಾಗಿಯೇ ಮುಚ್ಚಿಟ್ಟೆಯೋ, ಗುರುವಾರದವಳಿಗೆ ಏಕೆ ತಿಳಿಸಲಿಲ್ಲ? ಉತ್ತರ ನನಗೆ ಬರೆಯಬೇಡ, ಅಲ್ಲೇ ಹೇಳು. ನಾನು ಮೂರನೇ ಸಾಲಿನಲ್ಲೇ ಕೂತಿರುತ್ತೇನೆ.