ಸೊಸೆಯ ಟಕಟಕ ಡಬ್ಬಿ

|| ಸೊಗಲದ ಸೋಮನಾಥ ಪ್ರಸನ್ನ ||

ಬೈಲಹೊಂಗಲ
ಸೋಮವಾರ, ತಾ. 4-11-1974

ಚಿ. ಸೌ. ನೀಲಗಂಗಾಳಿಗೆ ಅತ್ತೆ ಗುರುಬಸವ್ವ ಮಾಡುವ ಆಶೀರ್ವಾದ.

ಪತ್ರದ ಮೊದಲಿಗೆ ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ಈ ಮನೆಯಲ್ಲಿ ಒಂದು ಸುಳ್ಳು ಆಗಲೇ ಬಂದು ಕುಂತಿದೆ, ಅದರ ಮಗ್ಗುಲಿಗೆ ಇನ್ನೊಂದಕ್ಕೆ ಮಣೆ ಹಾಕಲಾರೆ. ಈ ಪತ್ರವನ್ನು ಒಬ್ಬಳೇ ಕುಂತು ಓದು. ಓದಿದ ಮೇಲೆ ಬಚ್ಚಲ ಒಲೆಗೆ ಹಾಕು. ನಿಮ್ಮವ್ವನ ಕೈಗೆ ಸಿಗಕೂಡದು.

ನೀನು ತವರಿಗೆ, ಮುನವಳ್ಳಿಗೆ ಹೋಗಿ ಹತ್ತು ದಿನವಾಯಿತು. ಮೊನ್ನೆ ಟಪಾಲಿನವ ನಿನ್ನ ಟೈಪಿಂಗ್ ಪರೀಕ್ಷೆಯ ಹಾಲ್ ಟಿಕೆಟ್ ತಂದು ಕೊಟ್ಟ. ಇದರೊಳಗೆ ಇಟ್ಟಿದ್ದೇನೆ. ಇದೇ ಇಪ್ಪತ್ತನಾಲ್ಕಕ್ಕೆ, ಧಾರವಾಡದಲ್ಲಿ. ಮಿಷನ್ನನ್ನು ಅವರವರೇ ಹೊತ್ತು ತರಬೇಕಂತೆ. ಊಟಕ್ಕೆ ಕರೆದು ಗಂಗಾಳ ನೀವೇ ತರ್ರಿ ಅಂದಂತಾಯಿತು. ಇಂಥ ಸರಕಾರದಲ್ಲಿ ನೌಕರಿ ಮಾಡಬೇಕೆಂದು ನಿನಗೇಕೆ ಹುಚ್ಚೋ ನನಗೆ ಇನ್ನೂ ತಿಳಿದಿಲ್ಲ. ಆದರೆ ಮುನವಳ್ಳಿ ಬಸ್ಸು ಹತ್ತುವಾಗ ನೀನು "ಪರೀಕ್ಷಾನೂ ಬ್ಯಾಡ, ನೌಕರೀನೂ ಬ್ಯಾಡ, ಆ ಮಿಷನ್ ಹಾಳಬಾವಿಗೆ ಒಗೀರಿ" ಅಂದೆಯಲ್ಲ, ಅದು ನನ್ನ ಕಿವಿಯಲ್ಲಿ ಕುಂತಿದೆ. ಅದಕ್ಕೇ ಈ ಪತ್ರ.

ಆ ಡಬ್ಬಿಯನ್ನು ನಾನು ಮೊದಲ ದಿನದಿಂದ ಕಂಡಂತೆ ಬೈದಿದ್ದೇನೆ, ಅದನ್ನೇನು ಮುಚ್ಚಿಡುವುದು. ಮದುವೆಯಾಗಿ ಬಂದವಳ ಕೈಯಲ್ಲಿ ಹಿಡಿಕೆಯಿದ್ದ ಪೆಟ್ಟಿಗೆ ನೋಡಿ ಇಳಕಲ್ಲ ಸೀರೆ ತಂದಿರಬೇಕು ಅಂದುಕೊಂಡೆ. ಪಕ್ಕದ ಮನೆ ಕರೆವ್ವನೂ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನೀನು ಮುಚ್ಚಳ ತೆಗೆದರೆ ಒಳಗೆ ಬರೀ ಕಬ್ಬಿಣದ ಹಲ್ಲು! "ಯವ್ವಾ ಗುರುಬಸವ್ವ, ನಿನ್ನ ಸೊಸಿ ತನ್ನ ಹಲ್ಲು ಸಾಲದಂತ ಪೆಟಿಗಿ ತುಂಬ ತಂದಾಳ" ಅಂದಳು ಕರೆವ್ವ. ಅವತ್ತಿನಿಂದ ಅದು ನನ್ನ ಬಾಯಲ್ಲಿ ಟಕಟಕ ಡಬ್ಬಿ. ನೀನು ಸಂಜೆ ಸಂಜೆ ಪಡಸಾಲೆಯಲ್ಲಿ ಕುಂತು ಕುಟ್ಟುವಾಗ, ಇದಕ್ಕಿಂತ ಜೋಳ ಕುಟ್ಟಿದ್ದರೆ ಹಿಟ್ಟಾದರೂ ಆಗುತ್ತಿತ್ತು ಅಂದೆ. ನೀನು ನಗುತ್ತ ಅದರ ಒಂದೊಂದು ಭಾಗದ ಹೆಸರು ಹೇಳಲು ಬಂದರೆ, ನನಗೆ ದೇವರ ಹೆಸರು ಹೇಳಲಿಕ್ಕೇ ಹೊತ್ತು ಸಾಲದು ಅಂದು ಎದ್ದು ಹೋದೆ.

ದಶಮಿಯ ಮಧ್ಯಾಹ್ನದ್ದು ನಿನಗೂ ನೆನಪಿದೆ, ನನಗೂ ಇದೆ. ನಿಮ್ಮವ್ವ ಬನ್ನಿ ಕೊಡಲು ಬಂದಿದ್ದರು. ನೀನು ಕುಟ್ಟಲು ಕುಂತೆ. ಅಕ್ಷರದ ಒಂದು ಕಡ್ಡಿ ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಇನ್ನೊಂದು ಎದ್ದು ಅದಕ್ಕೇ ಅಂಟಿತು. ಹತ್ತು ಕಡ್ಡಿ ಒಂದರ ಕೊರಳು ಒಂದು ಹಿಡಿದು ನಿಂತವು. ನೀನು ನನ್ನ ಕಡೆ ನೋಡಿದೆ. "ಅತ್ತೀ, ಇದನ್ನ ಯಾರರ ಮುಟ್ಟ್ಯಾರೇನ್ರಿ?" ಅಂದೆ, ಅಷ್ಟೇ. ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂದ ಬಾಯಿ ಇನ್ನೂ ಒಣಗಿರಲಿಲ್ಲ, ನಾನು ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದು, ನಿಮ್ಮವ್ವ, ಕರೆವ್ವ, ನಿಜಗುಣಪ್ಪ ಎಲ್ಲರ ಮುಂದೆ ಅಂದೆ: "ಈ ಲಿಂಗದಾಣಿ, ನಿನ್ನ ಡಬ್ಬಿಗೆ ನಾ ಕೈ ಹಚ್ಚಿಲ್ಲ." ನಿಮ್ಮವ್ವ ನಿನಗೇ ಬೈದರು. "ಲಿಂಗ ಹಿಡದು ಸುಳ್ಳ ಹೇಳತಾರೇನ? ಹಿರೇರ ಮ್ಯಾಲ ಸಂಶೇ ಮಾಡತಿ, ಮೊದಲ ಕಾಲಿಗೆ ಬೀಳು" ಅಂದರು. ನೀನು ಬಿದ್ದೆ. ನಾನು ನಿನ್ನ ತಲೆಯ ಮೇಲೆ ಕೈ ಇಟ್ಟು ಆಶೀರ್ವಾದವನ್ನೂ ಮಾಡಿದೆ. ನಿನ್ನ ಗಂಡ ನಿಜಗುಣಪ್ಪ ಏನಂದ? "ನೀವು ನೀವು ಏನರ ಮಾಡಕೋರಿ" ಅಂದ. ಒಂಬತ್ತು ತಿಂಗಳು ಹೊತ್ತು ಹೆತ್ತದ್ದು ಇಂಥದ್ದನ್ನು.

ಅವತ್ತೇ ನೀನು ತವರಿಗೆ ಹೊರಟೆ. ಮರುದಿನ ಮಗನಿಗೆ ಹೇಳದೆ ಡಬ್ಬಿ ಎತ್ತಿಕೊಂಡು ಮಲಕಾಜಪ್ಪನ ಅಂಗಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಿಷನ್ನು, ಸ್ಟೋವ್, ಕಚೇರಿಗಳ ಟೈಪ್ ಮಿಷನ್ನು ಎಲ್ಲ ರಿಪೇರಿ ಮಾಡುವವನು ಅವನೇ. ನೋಡಿದರೆ ಒಂದನ್ನೂ ಮಾಡುವಂತೆ ಕಾಣುವುದಿಲ್ಲ. ಬಾಯಿ ತುಂಬ ಎಲೆ ಅಡಿಕೆ, ಕನ್ನಡಕದ ಒಂದು ಕಾಲಿಗೆ ದಾರ. ಮುಚ್ಚಳ ತೆಗೆದು ಮೂಗು ಒಳಗೆ ಹಾಕಿ ಮೂಸಿ ನೋಡಿದ.

"ಯಾವ ಶಾಣ್ಯಾರು ಇದಕ್ಕ ಶೇಂಗಾ ಎಣ್ಣಿ ಕುಡಿಸ್ಯಾರ್ರಿ? ಮ್ಯಾಲ ವಿಭೂತಿ ಬ್ಯಾರೆ! ಮಿಷನ್ ಲಿಂಗೈಕ್ಯ ಆತಂತ ಮಾಡಿ ಮಣ್ಣು ಕೊಡಾಕ ಹೊಂಟಿದ್ರೇನು?" ಅಂದ.

ನಮ್ಮ ಮನೆಯಲ್ಲಿ ಇಲಿ ಬಹಳ ಅಂದೆ ನಾನು.

"ಹೌದ್ರಿ ಯವ್ವಾ, ಲಿಂಗವಂತರ ಇಲಿ ಇರಬೇಕು. ತ್ರಿಪುಂಡ್ರ ಭಾಳ ಚಂದ ಎಳದೈತಿ" ಅಂದ.

ನಿನಗೆ ಈಗಾಗಲೇ ತಿಳಿದಿರಬೇಕು. ಆದರೂ ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು, ತಡೆ.

ಎಣ್ಣೆ ಬೂದಿ ಕೂಡಿ ಅಂಟಾಗಿದೆ, ಕಡ್ಡಿ ಕಡ್ಡಿ ತೊಳೆಯಬೇಕು, ಒಬ್ಬನಿಗೆ ಆಗುವ ಕೆಲಸವಲ್ಲ ಅಂದ. ಹಾಗಾದರೆ ನಾನೇ ತೊಳೆಯುತ್ತೇನೆ ಅಂದೆ. ಮೂರು ದಿನ ಅವನ ಅಂಗಡಿಯಲ್ಲಿ, ಬಂದು ಹೋಗುವವರ ಕಾಲ ಬುಡದಲ್ಲಿ, ಚಿಮಣಿ ಎಣ್ಣೆಯ ಬಟ್ಟಲು ಮತ್ತು ನಿಜಗುಣಪ್ಪನ ಹಲ್ಲುಜ್ಜುವ ಹಳೆ ಬ್ರಶ್ಶು ಹಿಡಿದು ಕುಂತೆ. ಅವನಿಗೆ ಸುಮ್ಮನೆ ಕೆಲಸ ಮಾಡಲು ಬರುವುದಿಲ್ಲ. ಬಿಚ್ಚಿದ್ದೆಲ್ಲದರ ಪುರಾಣ ಹೇಳುತ್ತಾನೆ. ನಿನ್ನಿಂದ ಕೇಳದಿದ್ದನ್ನೆಲ್ಲ ಅವನಿಂದ ಕೇಳಬೇಕಾಯಿತು.

ಮೇಲೆ ಅತ್ತಿತ್ತ ಓಡಾಡುವುದಕ್ಕೆ ಕ್ಯಾರೇಜ್ ಅನ್ನುತ್ತಾರಂತೆ. ಎತ್ತಿಲ್ಲದ ಗಾಡಿ ಅನ್ನಬೇಕಿತ್ತು. ಅದರಲ್ಲಿ ಕಾಗದ ಸುತ್ತುವ ಕರಿ ರಬ್ಬರಿನ ರೋಲು. ರೊಟ್ಟಿ ಬಡಿಯಲು ಬಾರದವರು ಹಿಡಿಯುವ ಲಟ್ಟಣಿಗೆಯೇ ಸೈ. ಸಾಲು ಮುಗಿಯಲು ಬಂದರೆ ಒಂದು ಗಂಟೆ ಬಾರಿಸುತ್ತದೆ. ದೇವರಿಲ್ಲ, ನೈವೇದ್ಯವಿಲ್ಲ, ಗಂಟೆಗೇನೂ ಕಡಿಮೆಯಿಲ್ಲ. ಅದು ಬಾರಿಸಿದಾಗೊಮ್ಮೆ ನನ್ನ ಎರಡೂ ಕೈ ತಾವಾಗಿ ಕೂಡಿದವು. ಮಲಕಾಜಪ್ಪ ನಕ್ಕ, ಎಲೆ ಅಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮಿದ. ಆಗಲಿ.

ರಿಬ್ಬನ್ನು ಮೇಲಿನ ಅರ್ಧ ಕರಿ, ಕೆಳಗಿನ ಅರ್ಧ ಕೆಂಪು. ಎರಡು ಗಾಲಿಯ ನಡುವೆ ಆ ಕಡೆಯದು ಈ ಕಡೆ, ಈ ಕಡೆಯದು ಆ ಕಡೆ ಸುತ್ತಿಕೊಳ್ಳುತ್ತ ಇರುತ್ತದೆ, ಕರೆವ್ವನ ಮಾತಿನಂತೆ. ಇನ್ನು ಅಕ್ಷರದ ಕಡ್ಡಿಗಳು. ಸಂಗೊಳ್ಳಿ ಸಾಲಿಯಲ್ಲಿ ಮಾಸ್ತರರು ನಮಗೆ ಉಸುಕಿನ ಮೇಲೆ ಅಕ್ಷರವನ್ನು ಇಡಿಯಾಗಿ ತಿದ್ದಿಸಿದರು. ನಿನ್ನ ಡಬ್ಬಿಯಲ್ಲಿ ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ, ಕುರಿ ಕಡಿದು ಗುಂಪಿ ಹಾಕಿದ ಹಾಗೆ. ಲಿಂಗವಂತರ ಮನೆಯಲ್ಲಿ ಇಂಥದ್ದು! ಮೇಲಾಗಿ ಒಂದೊಂದು ಕಡ್ಡಿಯ ತಲೆಯ ಮೇಲೆ ಎರಡೆರಡು ಗುರುತು. ಬದಿಯ ಶಿಫ್ಟ್ ಕೀಲಿ ಒತ್ತಿದರೆ ಒಂದು, ಬಿಟ್ಟರೆ ಇನ್ನೊಂದು. ಎರಡು ನಾಲಿಗೆಯ ಮಂದಿಯನ್ನು ನನ್ನ ಜನ್ಮದಲ್ಲಿ ಬಹಳ ಬೈದಿದ್ದೇನೆ. ಅದನ್ನು ತಿಕ್ಕುವಾಗ ಮಾತ್ರ ಬೈಗುಳ ಬಾಯಿಗೆ ಬರಲಿಲ್ಲ.

ಎಲ್ಲಕ್ಕೂ ಕೆಳಗೆ ಒಂದು ಪಟ್ಟಿ ಇದೆಯಲ್ಲ, ಅದಕ್ಕೆ ನಾನು ಬಿದ್ದು ಬಿದ್ದು ನಕ್ಕೆ. ಎಲ್ಲ ಕೀಲಿಗಿಂತ ಉದ್ದ, ಹೊಡೆದರೆ ಒಂದು ಅಕ್ಷರವೂ ಇಲ್ಲ, ಬರೇ ಜಾಗ ಬಿಡುತ್ತದೆ. ಅಯ್ಯ, ಇದು ನಮ್ಮ ನಿಜಗುಣಪ್ಪ, ಆರಡಿ ಬೆಳೆದು ಇಬ್ಬರ ನಡುವೆ ಜಾಗ ಬಿಟ್ಟು ನಿಲ್ಲುವುದಷ್ಟೇ ಅವನಿಗೆ ಬರುವುದು ಅಂದೆ. "ಹಂಗನಬ್ಯಾಡ್ರಿ ಯವ್ವಾ, ಅದು ಇರಲಿಲ್ಲಂದ್ರ ಮಾತು ಮಾತಿಗೆ ಹತ್ತಿ ಜಗಳಾನ ಆಗತೈತಿ" ಅಂದ ಮಲಕಾಜಪ್ಪ. ಗಂಡಸರು ಗಂಡಸರ ಕಡೆಗೇ.

ಮೂರನೆಯ ದಿನ ಮೂಲೆಯ ಒಂದು ಸಣ್ಣ ಕೀಲಿ ತೋರಿಸಿ ಇದೇನು ಅಂದೆ. ಒತ್ತಿದರೆ ಗಾಡಿ ಒಂದು ಮನೆ ಹಿಂದಕ್ಕೆ ಬರುತ್ತದೆ ಅಂದ. ಹಾಗಾದರೆ ತಪ್ಪು ಬಿದ್ದದ್ದನ್ನು ಅದು ಅಳಿಸುತ್ತದೆಯೇ ಅಂದೆ.

"ಅಳಸೂದಿಲ್ರಿ. ಹಿಂದಕ ಬಂದು ಅದರ ಮ್ಯಾಲ ಸರಿ ಅಕ್ಷರ ಜೋರ್ ಹೊಡೀಬೇಕು, ಅಷ್ಟ. ನೋಡಿದವರಿಗೆ ಎರಡೂ ಕಾಣತಾವು."

ಎರಡೂ ಕಾಣುವುದಾದರೆ ಹಿಂದಕ್ಕೆ ಬಂದು ಏನು ಉಪಯೋಗ ಅಂದೆ. "ಸರಿ ಯಾವುದಂತ ಗೊತ್ತಾಗತೈತಲ್ರಿ" ಅಂದ, ಎದ್ದು ಉಗುಳಲು ಹೊರಗೆ ಹೋದ. ಸುಡು, ಎಂಥ ದರಿದ್ರ ಕೀಲಿ ಅದು.

ನೀಲಗಂಗಾ, ನಿನ್ನ ಡಬ್ಬಿ ಕೆಡಿಸಿದವಳು ನಾನು.

ದಶಮಿಯ ಹಿಂದಿನ ದಿನ, ಖಂಡೇಪೂಜೆಗೆ, ಕುಡಗೋಲು, ಕೊಡಲಿ, ತಕ್ಕಡಿ, ಹೊಲಿಗೆ ಮಿಷನ್ನು ಎಲ್ಲ ತೊಳೆದು ಎಣ್ಣೆ ಸವರಿ ಸಾಲಾಗಿ ಇಟ್ಟಿದ್ದೆ. ನೀನು "ಅತ್ತೀ, ನನ್ನ ಮಿಷನ್ನಿಗೆ ಮ್ಯಾಲ ಒಂದು ಹೂವು ಸಾಕ್ರಿ, ಜಳಕಾ ಮಾಡಿ ಬಂದು ನಾನ ಏರಸತೇನಿ" ಅಂದು ಬಚ್ಚಲಿಗೆ ಹೋದೆ. ಪೂಜೆ ತಾಳದ ಮಿಷನ್ನು ಅದೆಂಥದ್ದು ಅಂತ ನನಗೆ ಸಿಟ್ಟು ಬಂತು. ಸೌದೆ ಒಡೆಯುವ ಕೊಡಲಿಗೆ ಪೂರ್ತಿ ಪೂಜೆ, ನಿನಗೆ ಅನ್ನ ಕೊಡುವುದಕ್ಕೆ ಒಂದು ಹೂವೇ? ಮುಚ್ಚಳ ತೆಗೆದೆ. ಹೊಲಿಗೆ ಮಿಷನ್ನಿಗೆ ಹಾಕಿದಂತೆ ಅದರ ಹಲ್ಲಿಗೆಲ್ಲ ಎಣ್ಣೆ ಹಾಕಿದೆ. ಮೂರು ಬೆರಳಿನಿಂದ ವಿಭೂತಿ ಎಳೆದೆ. ಅದು ಉದುರಿ ಒಳಗೆ ಹೋದದ್ದು ನೋಡಿದೆ, ಹೋಗಲಿ, ಒಳಗೂ ಒಳ್ಳೆಯದೇ ಅಂದೆ. ಕಾಯಿ ಒಡೆದು ಆ ನೀರನ್ನೂ ಚಿಮುಕಿಸಿದೆ. ಆಮೇಲೆ ಆ ಡಬ್ಬಿಯ ಮುಂದೆ ಮೊಣಕಾಲು ಊರಿ ಕುಂತು ಸೋಮನಾಥನನ್ನು ಬೇಡಿಕೊಂಡೆ: ಇವಳು ಪಾಸಾಗಲಿ, ನನ್ನಂತೆ ಯಾರ ಮುಂದೆಯೂ ಕೈ ಒಡ್ಡುವುದು ಇವಳಿಗೆ ಬರದಿರಲಿ. ನೀನು ಬಚ್ಚಲಿನಿಂದ ಹೊರಗೆ ಬಂದ ಸಪ್ಪಳವಾಯಿತು. ಮುಚ್ಚಳ ಮುಚ್ಚಿ, ಸೆರಗಿನಿಂದ ಮೇಲೆ ಒರೆಸಿ ಎದ್ದೆ. ನೀನು ಬಂದು ಅದರ ಮೇಲೆ ನಿನ್ನ ಒಂದು ಹೂವು ಏರಿಸಿದೆ.

ಮರುದಿನ ನೀನು ಕೇಳಿದಾಗ ಕೆಡಿಸಿದೆ ಅನ್ನಬಹುದಿತ್ತು. ಅತ್ತೆಯಂದಿರು ಕೆಡಿಸುವುದು ಹೊಸದೇನಲ್ಲ. ಆದರೆ ಎಂಟು ತಿಂಗಳು ಬೈದ ಡಬ್ಬಿಗೆ ಕೈ ಮುಗಿದೆ ಅಂತ ನಿಮ್ಮವ್ವನ ಮುಂದೆ, ಕರೆವ್ವನ ಮುಂದೆ ಹೇಗೆ ಹೇಳಲಿ? ಆ ನಾಚಿಕೆ ತಪ್ಪಿಸಿಕೊಳ್ಳಲು ಲಿಂಗವನ್ನೇ ಅಡ್ಡ ಹಿಡಿದೆ. ದಿನಕ್ಕೆರಡು ಹೊತ್ತು ಪೂಜೆ ಮಾಡುವವಳ ಬುದ್ಧಿ ಇದು. ನೀನು ಕಾಲಿಗೆ ಬಿದ್ದಾಗ ನಿನ್ನ ತಲೆಯ ಮೇಲೆ ಇಟ್ಟ ಕೈಗೆ ಇನ್ನೂ ಶೇಂಗಾ ಎಣ್ಣೆಯ ವಾಸನೆ ಇತ್ತು. ಅವತ್ತಿನಿಂದ ಪೂಜೆಗೆ ಕುಂತರೆ ಲಿಂಗವನ್ನು ಅಂಗೈಯಲ್ಲಿ ಹಿಡಿಯುತ್ತೇನೆ, ಕಣ್ಣೆತ್ತಿ ನೋಡಲು ಆಗುವುದಿಲ್ಲ.

ಮಿಷನ್ನು ಈಗ ಸರಿಯಿದೆ. ಒಂದೊಂದು ಕೀಲಿ ನಾನೇ ಹೊಡೆದು ನೋಡಿದ್ದೇನೆ. ಗುರುವಾರದ ಬಸ್ಸಿಗೆ ನಿನ್ನ ಗಂಡನ ತೊಡೆಯ ಮೇಲೆ ಇಟ್ಟು ಕಳಿಸುತ್ತೇನೆ. ಜಾಗ ಬಿಡುವುದು ಅವನಿಗೆ ಬರುತ್ತದೆ, ಡಬ್ಬಿಗೂ ಬಿಡಲಿ. ಇನ್ನು ಮೂರು ವಾರವೂ ಇಲ್ಲ, ಕುಂತು ಕುಟ್ಟು. ನನ್ನ ಮೇಲಿನ ಸಿಟ್ಟಿಗೆ ಪರೀಕ್ಷೆ ಬಿಟ್ಟರೆ ನಿನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಪರೀಕ್ಷೆ ಮುಗಿದ ಮೇಲೆ ಈ ಮನೆಗೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಪಡಸಾಲೆಯಲ್ಲಿ ಡಬ್ಬಿ ಇಡುತ್ತಿದ್ದ ಮಣೆ ಅಲ್ಲೇ ಇದೆ. ನಾನೇನೂ ತೆಗೆದಿಲ್ಲ.

ಸಂಜೆ ಹೊತ್ತು ಮನೆ ಹಾಳು ಬಿದ್ದಂತಾಗಿದೆ. ಕಿವಿಗೆ ಸುಖ ಅನ್ನು.

ನಿನ್ನ ಅತ್ತೆ,
ಗುರುಬಸವ್ವ

ತಾ.ಕ.: ಬಚ್ಚಲ ಒಲೆಗೆ ಹಾಕು ಅಂತ ಮೇಲೆ ಬರೆದಿದ್ದೇನೆ. ಅದನ್ನು ಗೆರೆ ಎಳೆದು ಕಾಟು ಹಾಕಿಲ್ಲ, ಎರಡೂ ಕಾಣಲಿ. ಆದರೆ ಒಲೆಗೆ ಹಾಕಬೇಡ. ಆಣೆ ಮಾಡಿದ್ದು ಎಲ್ಲರ ಮುಂದೆ. ನಿನ್ನನ್ನು ಕಾಲಿಗೆ ಬೀಳಿಸಿದ್ದೂ ಎಲ್ಲರ ಮುಂದೆ. ಅತ್ತೆ ಸೊಸೆಯ ಕಾಲು ಹಿಡಿಯುವ ರೀತಿ ನಮ್ಮಲ್ಲಿಲ್ಲ, ಅದಕ್ಕೆ ಹೀಗೆ ಮಾಡು: ನಿಮ್ಮವ್ವನನ್ನು ಮುಂದೆ ಕುಂದರಿಸಿಕೊಂಡು ಮೊದಲಿನಿಂದ ಕಡೆಯವರೆಗೆ ಜೋರಾಗಿ ಓದು. ಲಿಂಗದಾಣೆ ಬಂದಲ್ಲಿ ದನಿ ಇಳಿಸಬೇಡ. ಅವರು ನಗಬೇಕೆಂದರೆ ಆ ಇಲಿಯ ಮಾತನ್ನು ಇನ್ನೊಮ್ಮೆ ಓದಿ ಹೇಳು. ಇಲ್ಲಿ ಕರೆವ್ವನಿಗೆ ನಾನೇ ಓದಿ ಹೇಳಿದ್ದೇನೆ. ಊರಿಗೆ ಬೇರೆ ಹೇಳಬೇಕಾಗಿಲ್ಲ.